ಮುಳ್ಳಿನ ಮೂಗು, ಟೂಲಿನ ಮೂಗು

ಮೊದಲ ಕಂಬವನ್ನು ಕಾಪಿ ಲೇತಿನಿಂದ ಬಿಚ್ಚಿ ಕೈಯಲ್ಲಿ ಹಿಡಿದೆ. ಮೇಲಿನಿಂದ ಕೆಳಕ್ಕೆ ಸವರಿದರೆ ನುಣ್ಣಗಿತ್ತು. ಕೆಳಗಿನಿಂದ ಮೇಲಕ್ಕೆ ಸವರಿದರೆ ಬೆಕ್ಕಿನ ಮೈಯನ್ನು ಉಲ್ಟಾ ಸವರಿದ ಹಾಗೆ ನಾರೆಲ್ಲ ಎದ್ದು ಕೈಗೆ ತಾಗುತ್ತಿತ್ತು. ಎರಡು ಮಣಿಗಳ, ಅಂದರೆ ದುಂಡು ಉಬ್ಬುಗಳ, ನಡುವೆ ಇರಬೇಕಾದ ಸಣ್ಣ ಕುಳಿಯಂತೂ ಕಾಣೆಯಾಗಿತ್ತು. ಆಕಾರದ ಮಾದರಿಯಲ್ಲಿ, ಅಂದರೆ ಟೆಂಪ್ಲೇಟಿನಲ್ಲಿ, ಅದು ಚೆನ್ನಾಗಿಯೇ ಇದೆ, ಮರದಲ್ಲಿ ಗುರುತೂ ಇಲ್ಲ. ಮೆಟ್ಟಿಲ ಕಟಕಟೆಗೆ ಒಟ್ಟು 28 ಕಂಬ ಆಗಬೇಕಿತ್ತು. ಒಂದು ಕೆಟ್ಟಿತು, 28 ಬಾಕಿಯೇ ಉಳಿಯಿತು.

ಯಂತ್ರದ್ದೇ ತಪ್ಪು ಅಂದುಕೊಂಡೆ. ಬೆಲ್ಟ್ ಬಿಗಿ ಮಾಡಿದೆ. ಸ್ಪೀಡ್ ಏರಿಸಿ ನೋಡಿದೆ, ಇಳಿಸಿ ನೋಡಿದೆ. ಮರದ ತುದಿಯನ್ನು ನಟ್ಟನಡುವೆ ಹಿಡಿಯುವ ಹಿಂದಿನ ಸೆಂಟರಿಗೆ ಗ್ರೀಸ್ ಹಚ್ಚಿದೆ. ಎರಡನೇ ಕಂಬಕ್ಕೂ ಅದೇ ತುಪ್ಪಳ. ಟೂಲಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಯಾಕೆಂದರೆ ಅದು ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್, ಅದೂ ಹೊಸದು.

ಕಾಪಿ ಲೇತ್ ನೋಡದವರಿಗೆ ಎರಡು ಮಾತು. ಸಾಮಾನ್ಯ ಮರದ ಲೇತಿನಲ್ಲಿ ಮರ ತಿರುಗುತ್ತಿರುತ್ತದೆ, ಉಳಿ ನಮ್ಮ ಕೈಯಲ್ಲಿರುತ್ತದೆ, ಆಕಾರ ನಮ್ಮ ಕಣ್ಣಲ್ಲಿರುತ್ತದೆ. ಕಾಪಿ ಲೇತಿನಲ್ಲಿ ಟೂಲು ಒಂದು ಗಾಡಿಯ ಮೇಲೆ ಕೂತಿರುತ್ತದೆ. ಅದೇ ಗಾಡಿಗೆ ಒಂದು ಮುಳ್ಳು ಇರುತ್ತದೆ. ಸ್ಟೈಲಸ್ ಅಂತಲೂ ಹೇಳುತ್ತಾರೆ, ನಾನು ಮುಳ್ಳು ಅಂತಲೇ ಕರೆಯುವುದು. ಆ ಮುಳ್ಳು ಪ್ಲೈವುಡ್ಡಿನಲ್ಲೋ ತಗಡಿನಲ್ಲೋ ಕತ್ತರಿಸಿದ ಟೆಂಪ್ಲೇಟಿನ ಅಂಚನ್ನು ತಡವುತ್ತಾ ಹೋಗುತ್ತದೆ. ಮುಳ್ಳು ಒಳಗೆ ಹೋದರೆ ಟೂಲು ಮರದೊಳಗೆ, ಹೊರಗೆ ಬಂದರೆ ಹೊರಗೆ. ಅಷ್ಟೇ. 28 ಕಂಬಕ್ಕೂ ಒಂದೇ ಟೆಂಪ್ಲೇಟ್.

ಭಾವ ಬಂದಿದ್ದು ಆ ದಿನ ಸಂಜೆ. ಅವರು ಮೂವತ್ತು ವರ್ಷ ಕಬ್ಬಿಣದ ಲೇತಿನಲ್ಲಿ ಕೆಲಸ ಮಾಡಿದವರು. ಮರದ ಕೆಲಸ ಅಂದರೆ ಅವರಿಗೆ ಸ್ವಲ್ಪ ತಾತ್ಸಾರ. ಕಂಬ ನೋಡಿದರು, ಏನೂ ಹೇಳಲಿಲ್ಲ. ಯಂತ್ರವನ್ನು ಮುಟ್ಟಲೂ ಇಲ್ಲ. ಟೂಲು ಬಿಚ್ಚಿಕೊಂಡು ಕಿಟಕಿಯ ಹತ್ತಿರ ಹೋದರು.

‘ಬಾಯಿಗೆ ಬೆಳಕು ಹಿಡಿದು ನೋಡು. ಬಿಳೀ ಗೆರೆ ಕಾಣ್ತಿದೆಯಲ್ವಾ?’

‘ಕಾಣ್ತಿದೆ.’

‘ಹರಿತ ಇರೋ ಬಾಯಿ ಕಾಣಿಸೋದೇ ಇಲ್ಲ ಕಣೋ. ಬೆಳಕು ನಿಲ್ಲೋಕೆ ಅಲ್ಲಿ ಜಾಗ ಇರಲ್ಲ. ಇದು ಮೊಂಡು.’

‘ಹೊಸದು ಭಾವ, ನಿನ್ನೆ ತಾನೇ ಹಾಕಿದ್ದು.’

‘ಹೊಸದೇ. ಆದರೆ ಕಬ್ಬಿಣಕ್ಕೆ ಮಾಡಿದ್ದು. ಮೊಂಡು ಮಾಡಿಯೇ ಕಳಿಸಿರ್ತಾರೆ.’

ನನಗೆ ಇದು ಗೊತ್ತೇ ಇರಲಿಲ್ಲ. ಉಕ್ಕು ಕಡಿಯುವಾಗ ಟೂಲಿನ ಬಾಯಿಯ ಮೇಲೆ ಬೀಳುವ ಒತ್ತಡ ಜಾಸ್ತಿ. ತೆಳ್ಳಗಿನ ಬಾಯಿ ಇದ್ದರೆ ಚೂರಾಗಿ ಹಾರಿಹೋಗುತ್ತದೆ. ಅದಕ್ಕೇ ತಯಾರಾಗುವಾಗಲೇ ಅಂಚನ್ನು ಒಂದಿಷ್ಟು ಉರುಟು ಮಾಡಿರುತ್ತಾರೆ. ಬರಿಗಣ್ಣಿಗೆ ಅದು ಹರಿತವಾಗಿಯೇ ಕಾಣುತ್ತದೆ. ಆದರೆ ಮರದ ನಾರು ಉಕ್ಕಿನ ಹಾಗಲ್ಲ. ಉರುಟು ಬಾಯಿ ಬಂದರೆ ಅದು ಬಗ್ಗುತ್ತದೆ, ಟೂಲು ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ನನ್ನ ಕಂಬದ ತುಪ್ಪಳ ಅದೇ. ಟೂಲಿನ ಕೆಳಗೆ ಬಿದ್ದಿದ್ದ ರಾಶಿಯಲ್ಲೂ ಗುರುತಿತ್ತು, ನಾನು ನೋಡಿರಲಿಲ್ಲ ಅಷ್ಟೆ. ಒಂದೂ ಸುರುಳಿ ಸಿಪ್ಪೆ ಇಲ್ಲ, ಎಲ್ಲಾ ಪುಡಿ.

ಆ ರಾತ್ರಿ ಇನ್ಸರ್ಟಿನ (ಟೂಲಿನ ತುದಿಗೆ ಸ್ಕ್ರೂ ಹಾಕಿ ಕೂರಿಸುವ ಕಾರ್ಬೈಡ್ ಬಿಲ್ಲೆಯ) ಡಬ್ಬಿಯ ಮೇಲಿನ ಅಕ್ಷರ ಓದುವುದನ್ನು ಭಾವ ಕಲಿಸಿದರು. ನನ್ನದು ಸಿಎನ್‌ಎಂಜಿ. ಮೊದಲ ಅಕ್ಷರ ಆಕಾರದ್ದು: ಸಿ ಅಂದರೆ 80 ಡಿಗ್ರಿ ಮೂಲೆ, ಡಿ ಅಂದರೆ 55, ವಿ ಅಂದರೆ 35, ಆರ್ ಅಂದರೆ ದುಂಡು. ಎರಡನೇ ಅಕ್ಷರ ಬಾಯಿಯ ಕೆಳಗೆ ಬಿಟ್ಟಿರುವ ಸಂದಿನದು: ಎನ್ ಅಂದರೆ ಸೊನ್ನೆ ಡಿಗ್ರಿ, ಸಿ ಅಂದರೆ 7, ಪಿ ಅಂದರೆ 11. ಅಂದರೆ ನನ್ನ ಇನ್ಸರ್ಟಿನ ಪಕ್ಕದ ಗೋಡೆ ನೇರಾನೇರ ನಿಂತಿತ್ತು. ಅದು ಮರವನ್ನು ಕಡಿಯುವುದಕ್ಕಿಂತ ಜಾಸ್ತಿ ಉಜ್ಜುತ್ತಿತ್ತು. ಮೂರನೇ ಅಕ್ಷರ ಅಳತೆ ಎಷ್ಟು ಕರಾರುವಾಕ್ಕು ಅನ್ನುವುದಕ್ಕೆ. ಅಲ್ಲಿ ಜಿ ಇದ್ದರೆ ಅಂಚನ್ನು ಸಾಣೆ ಹಿಡಿದು ಮುಗಿಸಿರುತ್ತಾರೆ. ಅಲ್ಯೂಮಿನಿಯಂ ಕಡಿಯಲು ಬರುವ ಡಿಸಿಜಿಟಿ, ವಿಸಿಜಿಟಿ ಇನ್ಸರ್ಟುಗಳು ಈ ಜಾತಿಯವು. ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತದೆ, ಬಾಯಿ ನಿಜಕ್ಕೂ ಹರಿತ. ಕಬ್ಬಿಣದ ಲೇತಿನ ಪೆಟ್ಟಿಗೆಯಲ್ಲಿ ಮರಕ್ಕೆ ಒಗ್ಗುವ ಇನ್ಸರ್ಟು ಏನಾದರೂ ಇದ್ದರೆ ಅದು ಇದೇ.

ಅಕ್ಷರಗಳ ನಂತರ ನಂಬರು ಬರುತ್ತದೆ, ಅದರ ಕೊನೆಯ ಎರಡು ಅಂಕಿ ಮೂಗಿನದು. 04 ಅಂದರೆ ತುದಿಯ ದುಂಡಿನ ತ್ರಿಜ್ಯ 0.4 ಮಿ.ಮೀ., 08 ಅಂದರೆ 0.8 ಮಿ.ಮೀ. ಕಬ್ಬಿಣದವರು ನೋಸ್ ರೇಡಿಯಸ್ ಅನ್ನುತ್ತಾರೆ. ಕಾಪಿ ಲೇತಿನಲ್ಲಿ ಎಲ್ಲಾ ಲೆಕ್ಕ ಶುರುವಾಗುವುದೇ ಈ ಮೂಗಿನಿಂದ ಅನ್ನುವುದು ನನಗೆ ಹೊಳೆದಿದ್ದು ಮಾರನೇ ದಿನ, ಆ ಕಾಣೆಯಾದ ಕುಳಿಯನ್ನು ಹುಡುಕುವಾಗ.

ಟೂಲು ಬದಲಾಯಿಸಿದೆ. ಡಿಸಿಜಿಟಿ, 0.8 ಮೂಗು. ಮೂರನೇ ಕಂಬ ನುಣ್ಣಗೆ ಬಂತು. ಕುಳಿ ಮಾತ್ರ ಬರಲಿಲ್ಲ. ಮಣಿಗಳೂ ಊದಿಕೊಂಡ ಹಾಗೆ ಕಂಡವು. ಗಾಡಿಯನ್ನು ಕೈಯಲ್ಲೇ ನಿಧಾನ ತಳ್ಳುತ್ತಾ, ಲೇತ್ ಆಫ್ ಮಾಡಿ, ಮುಳ್ಳು ಏನು ಮಾಡುತ್ತದೆ ಅಂತ ಬಗ್ಗಿ ನೋಡಿದೆ. ಯಂತ್ರದ ಜೊತೆ ಬಂದಿದ್ದ ಮುಳ್ಳು 6 ಮಿ.ಮೀ. ದಪ್ಪದ ದುಂಡು ಕಡ್ಡಿ. ನನ್ನ ಕುಳಿಯ ಅಗಲ 5 ಮಿ.ಮೀ. ಮುಳ್ಳು ಕುಳಿಯ ಬಾಯಿಗೆ ಬಂದು, ಎರಡೂ ಅಂಚಿಗೆ ಭುಜ ಕೊಟ್ಟು, ಒಂಚೂರು ಬಗ್ಗಿದ ಹಾಗೆ ಮಾಡಿ ದಾಟಿ ಹೋಯಿತು. ಅದು ಒಳಗೆ ಇಳಿಯುವುದಾದರೂ ಹೇಗೆ?

6 ಮಿ.ಮೀ. ಕಡ್ಡಿ ಅಂದರೆ ಮುಳ್ಳಿನ ಮೂಗಿನ ತ್ರಿಜ್ಯ 3 ಮಿ.ಮೀ., ಟೂಲಿನದು 0.8. ಕಡಿದಾದ ಇಳಿಜಾರು ಬಂದಲ್ಲೆಲ್ಲ ಈ 2.2 ಮಿ.ಮೀ. ವ್ಯತ್ಯಾಸ ಮರವಾಗಿ ಉಳಿದುಕೊಳ್ಳುತ್ತದೆ. ಮಣಿ ದಪ್ಪವಾಗುತ್ತದೆ, ಕುಳಿ ಕಿರಿದಾಗುತ್ತದೆ. ಸಪಾಟು ಜಾಗದಲ್ಲಿ ಕ್ಯಾಲಿಪರ್ ಹಿಡಿದರೆ ಅಳತೆ ಸರಿಯಾಗಿಯೇ ಇರುತ್ತದೆ. ಅದಕ್ಕೇ ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುವುದಿಲ್ಲ. ಉಲ್ಟಾ ಆದರೆ, ಅಂದರೆ ಮುಳ್ಳು ಚೂಪಾಗಿದ್ದು ಟೂಲು ದಪ್ಪಗಿದ್ದರೆ, ಮಣಿ ಸೊರಗುತ್ತದೆ. ಎರಡೂ ಮೂಗು ಒಂದೇ ಆದರೆ ಮಾತ್ರ ಟೆಂಪ್ಲೇಟಿನಲ್ಲಿದ್ದದ್ದು ಮರಕ್ಕೆ ಬರುತ್ತದೆ.

ಇದೇನು ಹೊಸ ವಿಷಯ ಅಲ್ಲ ಬಿಡಿ. ಅಮೆರಿಕದ ಥಾಮಸ್ ಬ್ಲಾಂಚರ್ಡ್ 1819ರಲ್ಲಿ ಬಂದೂಕಿನ ಮರದ ಹಿಡಿಯನ್ನು ನಕಲು ಕಡೆಯುವ ಲೇತಿಗೆ ಪೇಟೆಂಟ್ ಪಡೆದ. ಅದರಲ್ಲಿ ಒಂದು ಚಕ್ರ ಮಾದರಿಯನ್ನು ತಡವುತ್ತದೆ, ಇನ್ನೊಂದು ಚಕ್ರ ಮರವನ್ನು ಕಡಿಯುತ್ತದೆ. ಎರಡು ಚಕ್ರವೂ ಒಂದೇ ಗಾತ್ರ. ಇನ್ನೂರು ವರ್ಷದ ಹಿಂದೆ ಬಗೆಹರಿದದ್ದನ್ನು ನಾನು ನೆಲದ ಮೇಲೆ ಮಂಡಿಯೂರಿ ಮತ್ತೆ ಕಂಡುಹಿಡಿಯುತ್ತಿದ್ದೆ.

ನನ್ನ ಪರಿಹಾರ ಸುಲಭದ್ದು. ಮುಳ್ಳಿನ ಜಾಗಕ್ಕೂ ಅದೇ ನಂಬರಿನ ಇನ್ಸರ್ಟ್ ಹಾಕಿದೆ, ಒಂದು ಹಳೆಯದು, ಬಾಯಿ ಹೋದದ್ದು. ಕೋನ ಅದೇ, ಮೂಗು ಅದೇ. ಅಂಚು ಟೆಂಪ್ಲೇಟನ್ನು ಕೆರೆಯದ ಹಾಗೆ ಡೈಮಂಡ್ ಕಲ್ಲಿನಿಂದ ನಾಲ್ಕು ಸಲ ಉಜ್ಜಿದೆ. ಆದರೂ ಪ್ಲೈವುಡ್ ಟೆಂಪ್ಲೇಟ್ ಐದಾರು ಕಂಬಕ್ಕೇ ಗೀರು ಬಿತ್ತು. ಚೂಪು ಮುಳ್ಳಿಗೆ ಪ್ಲೈವುಡ್ ಸಾಲದು. 3 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಇನ್ನೊಂದು ಟೆಂಪ್ಲೇಟ್ ಕತ್ತರಿಸಿ ಅರ ಹಾಕಿ ಉಜ್ಜಿ ಕೂರಿಸಿದೆ. ಅರ್ಧ ದಿನ ಹೋಯಿತು. ಆಮೇಲೆ ತಲೆನೋವು ಇಲ್ಲ.

ಇನ್ನು ಕೋನ. ಇಲ್ಲಿ ನಾನು ಕಾಗದ ಪೆನ್ಸಿಲ್ ಹಿಡಿದು ಕೂತೆ. ಕುಳಿ 5 ಮಿ.ಮೀ. ಅಗಲ, 3 ಮಿ.ಮೀ. ಆಳ. 0.8 ಮೂಗಿನ 80 ಡಿಗ್ರಿ ಟೂಲು ನೇರ ನಿಂತು 3 ಮಿ.ಮೀ. ಇಳಿದರೆ ಮೇಲೆ ಅದರ ಅಗಲ ಸುಮಾರು 5.8 ಮಿ.ಮೀ. ಆಗುತ್ತದೆ. ಹೋಗುವುದಿಲ್ಲ. 55 ಡಿಗ್ರಿಯದು 4.1. ಹೋಗುತ್ತದೆ. 35 ಡಿಗ್ರಿಯದು 3.1. ಆರಾಮಾಗಿ ಹೋಗುತ್ತದೆ. ಹಾಗಾದರೆ 35 ಅನ್ನೇ ತೆಗೆದುಕೊಳ್ಳೋಣ ಅನಿಸುತ್ತದೆ ಅಲ್ವಾ? ನನಗೂ ಅನಿಸಿತು, ತಂದೂ ನೋಡಿದೆ. ಅಷ್ಟು ಚೂಪು ಮೂತಿಗೆ ಬಲ ಕಡಿಮೆ. ಗಂಟು ಬಂದಲ್ಲಿ ಟಿಕ್ ಅಂದಿತು. ಬೆಳಕಿಗೆ ಹಿಡಿದರೆ ತುದಿ ಇರಲಿಲ್ಲ. ಈಗ ನನ್ನ ಲೆಕ್ಕ ಇಷ್ಟು: ಆಕಾರದಲ್ಲಿ ಅತಿ ಇಕ್ಕಟ್ಟಾದ ಜಾಗ ಯಾವುದು ಅಂತ ಮೊದಲು ನೋಡುವುದು, ಅದರೊಳಗೆ ಹೋಗುವ ಟೂಲುಗಳಲ್ಲಿ ಅತಿ ದಪ್ಪನೆಯದನ್ನು ಆರಿಸುವುದು. ನನ್ನ ಕಂಬಕ್ಕೆ 55 ಸಾಕಾಗಿತ್ತು.

ಮೂಗಿಗೂ ಇದೇ ಮಾತು. ಮೂಗು ದುಂಡಾದಷ್ಟೂ ಮರ ನುಣ್ಣಗೆ. ಟೂಲು ಮುಂದೆ ಹೋಗುತ್ತಾ ಮರದ ಮೇಲೆ ತಿರುಪಿನ ಹಾಗೆ ಸಣ್ಣ ಸಣ್ಣ ಏಣು ಬಿಡುತ್ತದೆ. ಆ ಏಣಿನ ಎತ್ತರ ಲೆಕ್ಕ ಹಾಕಬಹುದು. ಮರ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲು ಎಷ್ಟು ಮುಂದೆ ಹೋಗುತ್ತದೋ ಅದನ್ನು ಅದರಿಂದಲೇ ಗುಣಿಸಿ, ಮೂಗಿನ ಎಂಟರಷ್ಟರಿಂದ ಭಾಗಿಸಿದರೆ ಆಯಿತು. ನನ್ನ ಕಂಬ 700 ಮಿ.ಮೀ. ಉದ್ದ, ಲೇತ್ ನಿಮಿಷಕ್ಕೆ 1400 ಸುತ್ತು, ಅಂದರೆ 1400 ಆರ್‌ಪಿಎಂ. ಗಾಡಿಯನ್ನು ಒಂದು ನಿಮಿಷದಲ್ಲಿ ಆ ಕಡೆಯಿಂದ ಈ ಕಡೆಗೆ ತಂದರೆ ಸುತ್ತೊಂದಕ್ಕೆ 0.5 ಮಿ.ಮೀ. 0.4 ಮೂಗಿಗೆ ಏಣು ಸುಮಾರು 0.08 ಮಿ.ಮೀ., 0.8 ಮೂಗಿಗೆ 0.04. ಅದೇ ಎರಡು ನಿಮಿಷ ತೆಗೆದುಕೊಂಡು ತಂದರೆ 0.01. ಅಂದರೆ ಅವಸರ ಮಾಡಿದವನಿಗೆ ನಾಲ್ಕರಷ್ಟು ದಂಡ. 120 ನಂಬರಿನ ಉಪ್ಪುಕಾಗದ ಹಿಡಿದು 28 ಕಂಬ ಉಜ್ಜುವುದಕ್ಕಿಂತ ಒಂದು ನಿಮಿಷ ಜಾಸ್ತಿ ನಿಲ್ಲುವುದು ವಾಸಿ.

12 ಮಿ.ಮೀ. ದುಂಡು ಇನ್ಸರ್ಟ್ ಹಾಕಿದರೆ ಏಣೇ ಕಾಣುವುದಿಲ್ಲ. ಉದ್ದನೆಯ, ನಿಧಾನ ಏರಿಳಿತದ ಹಿಡಿಕೆಗಳಿಗೆ ಅದು ಬಹಳ ಚೆಂದ. ಆದರೆ ಅಷ್ಟು ಅಗಲದ ಬಾಯಿ ಮರವನ್ನು ಆಚೆಗೆ ತಳ್ಳುತ್ತದೆ. ತೆಳ್ಳಗಿನ ಕತ್ತು ಬಂದಲ್ಲಿ ಕಂಬ ಹಗ್ಗದಾಟದ ಹಗ್ಗದ ಹಾಗೆ ಕುಣಿಯುತ್ತದೆ. ನಡುವೆ ಸ್ಟೆಡಿ, ಅಂದರೆ ಮರ ಕುಣಿಯದ ಹಾಗೆ ತಡೆಯುವ ಆಸರೆ, ಕೊಟ್ಟು ಹಿಡಿಯದೆ ಅದನ್ನು ಉದ್ದ ಕಂಬಕ್ಕೆ ಹಾಕಬೇಡಿ.

ಇಷ್ಟೆಲ್ಲ ಕಾರ್ಬೈಡ್ ಪುರಾಣ ಹೇಳಿದೆ. ನಿಜ ಹೇಳಬೇಕೆಂದರೆ ನನಗೆ ಇಷ್ಟವಾದದ್ದು ಹೈ ಸ್ಪೀಡ್ ಸ್ಟೀಲ್ ಅನ್ನುವ ಉಕ್ಕು, ಅಂದರೆ ಎಚ್‌ಎಸ್‌ಎಸ್. 10 ಮಿ.ಮೀ. ಚೌಕದ ಕಡ್ಡಿಯನ್ನು ಗ್ರೈಂಡರಿಗೆ ಹಿಡಿದು ನನಗೆ ಬೇಕಾದ ಮೂತಿ ಮಾಡಿಕೊಳ್ಳಬಹುದು. ಕಾರ್ಬೈಡ್ ಗಟ್ಟಿ, ಆದರೆ ಗಾಜಿನ ಬುದ್ಧಿ. ತೆಳ್ಳಗೆ ಮಾಡಿದರೆ ಉದುರುತ್ತದೆ. ಅದಕ್ಕೆ ದಪ್ಪ ಬೆನ್ನು ಬೇಕು. ಎಚ್‌ಎಸ್‌ಎಸ್ ಅನ್ನು 40 ಡಿಗ್ರಿಗೆ ತೆಳ್ಳಗೆ ಮಸೆದರೂ ತಡೆದುಕೊಳ್ಳುತ್ತದೆ. ಪೈನ್ ಥರದ ಮೆತ್ತನೆ ಮರಕ್ಕೆ ಆ ತೆಳ್ಳಗಿನ ಬಾಯಿಯೇ ಬೇಕು, ಇಲ್ಲದಿದ್ದರೆ ನಾರು ಹರಿಯುತ್ತದೆ. ಬೀಟೆ ಥರದ ಗಟ್ಟಿ ಮರ ಹೇಗೆ ಕೆರೆದರೂ ನುಣ್ಣಗೇ ಬರುತ್ತದೆ.

ಮತ್ತೆ ಕಾರ್ಬೈಡ್ ಯಾಕೆ? ನನ್ನ ಕಂಬ ತೇಗದ್ದು. ತೇಗದೊಳಗೆ ಸಿಲಿಕಾ ಇರುತ್ತದೆ, ಅಂದರೆ ಮರಳಿನದೇ ಅಂಶ. ಎಚ್‌ಎಸ್‌ಎಸ್ ಬಾಯಿಯನ್ನು ಅದು ಬೇಗ ತಿಂದುಹಾಕುತ್ತದೆ. ಮೂರು ಕಂಬಕ್ಕೊಮ್ಮೆ ಮಸೆಯಬೇಕಾಯಿತು. ಕೈಲೇತಿನಲ್ಲಾದರೆ ಮಸೆದು ಮತ್ತೆ ಶುರು ಮಾಡಬಹುದು. ಕಾಪಿ ಲೇತಿನಲ್ಲಿ ಹಾಗಲ್ಲ. ಮಸೆದಾಗ ತುದಿ 0.2 ಮಿ.ಮೀ. ಹಿಂದೆ ಸರಿದರೆ ಕಂಬದ ದಪ್ಪ 0.4 ಮಿ.ಮೀ. ಏರುತ್ತದೆ. ಪ್ರತಿ ಸಲ ಟೂಲು ಕೂರಿಸಿ, ಅಳೆದು, ಸರಿಸಿ, ಮತ್ತೆ ಅಳೆಯಬೇಕು. ಇನ್ಸರ್ಟ್ ಆದರೆ ಸ್ಕ್ರೂ ಸಡಿಲಿಸಿ ಇನ್ನೊಂದು ಮೂಲೆ ತಿರುಗಿಸಿದರೆ ಆಯಿತು, ಅಳತೆ ಹಾಗೇ ಇರುತ್ತದೆ. ಡಿ ಆಕಾರಕ್ಕೆ ಎರಡು ಮೂಲೆ. ಒಂದೇ ಥರದ ಕಂಬ ಹತ್ತಕ್ಕಿಂತ ಜಾಸ್ತಿ ಇದ್ದರೆ ಈಗ ನಾನು ಯೋಚನೆ ಮಾಡದೆ ಇನ್ಸರ್ಟ್ ಹಾಕುತ್ತೇನೆ. ಬೆಸುಗೆ ಹಾಕಿದ ಕಾರ್ಬೈಡ್ ಟೂಲು ಸಿಕ್ಕಿದರೆ ಅದರ ಮೇಲೆ ಕೆ10 ಅಥವಾ ಕೆ20 ಅಂತ ಇದೆಯಾ ನೋಡಿ. ಪಿ ಅಂತ ಇದ್ದರೆ ಅದು ಉಕ್ಕಿನದು. ಮಸೆಯಲು ಡೈಮಂಡ್ ಚಕ್ರ ಅಥವಾ ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರ ಬೇಕು. ಬೂದು ಬಣ್ಣದ ಸಾಮಾನ್ಯ ಚಕ್ರಕ್ಕೆ ಹಿಡಿದರೆ ಚಕ್ರವೇ ಸವೆಯುತ್ತದೆ.

ಹಳೇ ಅರದಿಂದ ಟೂಲು ಮಾಡಿದ್ದೂ ಉಂಟು, ಅದನ್ನೂ ಹೇಳಿಬಿಡುತ್ತೇನೆ. ಅರದ ಉಕ್ಕು ಕಾರ್ಬನ್ ಸ್ಟೀಲ್, ಅದ್ಭುತವಾಗಿ ಹರಿತ ಬರುತ್ತದೆ. ಗ್ರೈಂಡರಿಗೆ ಹಿಡಿದಾಗ ನೀರಲ್ಲಿ ಅದ್ದುವುದು ಒಂದು ಕ್ಷಣ ತಡವಾಯಿತು. ತುದಿಯಲ್ಲಿ ಒಣಹುಲ್ಲಿನ ಬಣ್ಣ ಬಂತು, ನೋಡನೋಡುತ್ತಿದ್ದಂತೆ ನೀಲಿಯಾಯಿತು. ನೀಲಿ ಬಂತೆಂದರೆ 300 ಡಿಗ್ರಿ ಮುಟ್ಟಿದೆ ಅಂತ, ಗಟ್ಟಿತನ ಹೋಯಿತು ಅಂತ. ಎಚ್‌ಎಸ್‌ಎಸ್ 600 ಡಿಗ್ರಿಯ ಹತ್ತಿರದವರೆಗೂ ಮೆತ್ತಗಾಗುವುದಿಲ್ಲ. ಅದಕ್ಕಿಂತ ಮುಖ್ಯ, ಅರ ಪೆಡಸು. ತಿರುಗುವ ಮರಕ್ಕೆ ಸಿಕ್ಕಿಕೊಂಡರೆ ತುಂಡಾಗಿ ಮುಖಕ್ಕೆ ಹಾರುತ್ತದೆ. ನಾನು ಮಾಡಿದ್ದನ್ನು ನೀವು ಮಾಡಬೇಡಿ.

ಎಚ್‌ಎಸ್‌ಎಸ್ ಕಡ್ಡಿಗೆ ಇನ್ನೊಂದು ಕೆಲಸ ಕೊಟ್ಟಿದ್ದೇನೆ: ಚೌಕ ಮರವನ್ನು ಮೊದಲು ದುಂಡು ಮಾಡುವುದು. ಚೌಕದ ನಾಲ್ಕು ಮೂಲೆ ಟೂಲಿಗೆ ಪಟಪಟ ಬಡಿಯುತ್ತವೆ. 1400 ಆರ್‌ಪಿಎಂ ಅಂದರೆ ನಿಮಿಷಕ್ಕೆ 5600 ಏಟು. ಹರಿತ ಕಾರ್ಬೈಡ್ ತುದಿಗೆ ಈ ಏಟು ಆಗದು. ಅಗಲ ಬಾಯಿಯ ಎಚ್‌ಎಸ್‌ಎಸ್ ಹಾಕಿ ದುಂಡು ಮಾಡಿ, ಆಕಾರಕ್ಕಿಂತ 2 ಮಿ.ಮೀ. ದಪ್ಪ ಉಳಿಸಿ, ಆಮೇಲೆ ಇನ್ಸರ್ಟಿಗೆ ಬಿಡುತ್ತೇನೆ. ಚೌಕವಾಗಿಯೇ ಉಳಿಯಬೇಕಾದ ಭಾಗ ದುಂಡಿಗೆ ತಿರುಗುವ ಜಾಗವನ್ನು ಮಾತ್ರ ಯಾವ ಕಾಪಿ ಟೂಲಿಗೂ ನಂಬಿ ಕೊಡುವುದಿಲ್ಲ. ಮೂಲೆ ಹಾರುತ್ತದೆ. ಅದನ್ನು ಮೊದಲೇ ಓರೆ ಉಳಿಯಿಂದ ಕೈಯಲ್ಲಿ ಗೀರಿ ಇಟ್ಟುಕೊಳ್ಳುತ್ತೇನೆ.

ಟೂಲು ಕೂರಿಸುವುದರಲ್ಲೂ ಎರಡು ಕಡೆ ಎಡವಿದೆ. ಒಂದು ಎತ್ತರ. ಟೂಲಿನ ತುದಿ ಸೆಂಟರಿನ ನೇರಕ್ಕೇ ಇರಬೇಕು. ನಾನು 2 ಮಿ.ಮೀ. ಕೆಳಗೆ ಕೂರಿಸಿದ್ದೆ. ದಪ್ಪ ಜಾಗದಲ್ಲಿ ಇದು ಗೊತ್ತೇ ಆಗುವುದಿಲ್ಲ. 40 ಮಿ.ಮೀ. ಇರಬೇಕಾದ್ದು 40.2 ಆಗುತ್ತದೆ, ಅಷ್ಟೆ. ಆದರೆ ತುದಿಯ ಗೂಟ 6 ಮಿ.ಮೀ. ಬರಬೇಕಾದದ್ದು 7.2 ಬಂತು, ತೂತಿಗೆ ಇಳಿಯಲಿಲ್ಲ. ಇನ್ನೊಂದು, ಟೂಲನ್ನು ಹೋಲ್ಡರಿನಿಂದ ಉದ್ದಕ್ಕೆ ಹೊರಗೆ ಚಾಚಿದ್ದು. 20 ಮಿ.ಮೀ. ಬದಲು 40 ಚಾಚಿದರೆ ಅದು ಎರಡರಷ್ಟಲ್ಲ, ಎಂಟರಷ್ಟು ಬಗ್ಗುತ್ತದೆ. ಮರದ ಮೇಲೆ ಹಲ್ಲು ಕಚ್ಚಿದ ಹಾಗೆ ಸಾಲು ಗುರುತು ಬಿದ್ದರೆ ಮೊದಲು ಇದನ್ನೇ ನೋಡಿ.

ಎಂಥ ಟೂಲು ಹಾಕಿದರೂ ಒಂದು ತೊಂದರೆ ಉಳಿಯುತ್ತದೆ. ಕೈಯಲ್ಲಿ ಕಡೆಯುವವರು ಯಾವಾಗಲೂ ದಪ್ಪದಿಂದ ಸಣ್ಣಕ್ಕೆ ಇಳಿಯುತ್ತಾ ಕಡಿಯುತ್ತಾರೆ. ಆಗ ನಾರಿಗೆ ಕೆಳಗಿನಿಂದ ಆಸರೆ ಇರುತ್ತದೆ. ಕಾಪಿ ಲೇತಿನ ಗಾಡಿ ಒಂದೇ ದಿಕ್ಕಿಗೆ ಹೋದರೆ ಪ್ರತಿ ಮಣಿಯ ಒಂದು ಪಕ್ಕ ಇಳಿಜಾರು, ಇನ್ನೊಂದು ಪಕ್ಕ ಏರು. ಏರುವ ಪಕ್ಕದಲ್ಲಿ ನಾರು ಏಳುತ್ತದೆ. ನಾನು ಕೊನೆಯ ತೆಳು ಸುತ್ತಿನಲ್ಲಿ ಗಾಡಿಯನ್ನು ಮಣಿಯ ನೆತ್ತಿಯಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಇಳಿಸುತ್ತೇನೆ. ಬೇಜಾರಿನ ಕೆಲಸ. ಆದರೆ ಉಪ್ಪುಕಾಗದದ ಕೆಲಸ ಅರ್ಧ ಉಳಿಯುತ್ತದೆ.

28 ಕಂಬ ಮುಗಿಯುವ ಹೊತ್ತಿಗೆ ಇನ್ಸರ್ಟಿನ ಒಂದು ಮೂಲೆ ಸವೆದು, ಎರಡನೆಯದು ಅರ್ಧಕ್ಕೆ ಬಂದಿತ್ತು. ಭಾವ ಮತ್ತೆ ಬಂದರು. ಜೋಡಿಸಿಟ್ಟ ಕಂಬಗಳಲ್ಲಿ ಒಂದನ್ನು ಎತ್ತಿ ಬೆರಳಿನಿಂದ ಕುಳಿಯನ್ನು ತಡವಿ ನೋಡಿದರು.

‘ಪರವಾಗಿಲ್ಲ’ ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಈಗ ನಾಲ್ಕು ಕುರ್ಚಿ ಕಾಲು ಶುರು ಮಾಡಿದ್ದೇನೆ. ಇದರ ಕುಳಿ ಬರೀ 3 ಮಿ.ಮೀ. ಅಗಲ. 55 ಡಿಗ್ರಿ ಹೋಗುವುದಿಲ್ಲ, ಈ ಸಲ 35 ಬೇಕೇ ಬೇಕು. ನಾಲ್ಕೇ ಆದ್ದರಿಂದ ಇನ್ಸರ್ಟ್ ಬೇಡ ಅಂತ ಎಚ್‌ಎಸ್‌ಎಸ್ ಕಡ್ಡಿಯನ್ನೇ ಮಸೆದು ಇಟ್ಟಿದ್ದೇನೆ. ಬೆಳಕಿಗೆ ಹಿಡಿದರೆ ಬಾಯಿ ಕಾಣುವುದಿಲ್ಲ. ಅದಕ್ಕೆ ಹೊಂದುವ ಮುಳ್ಳು ಇನ್ನೂ ಮಾಡಿಲ್ಲ.